ಮೇಷ್ಟ್ರ ಪಟ ಜಾರಿದ ವರ್ಷ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಅವರೆಕಾಯಿ ಸುಲಿದು, ಕಾಳನ್ನು ಹಿತುಕುವುದಕ್ಕೆ ನೆನೆಹಾಕಿದೆ. ಕಿರೀಟಗಳ ಪೆಟ್ಟಿಗೆಯಲ್ಲಿ ಕರಗಿಹೋಗಿದ್ದ ನುಸಿಗುಳಿಗೆ ತೆಗೆದು ಹೊಸದು ಹಾಕಿದೆ. ಭೀಮನ ಗದೆಗೆ ಹೊಸ ಬಣ್ಣದ ಕಾಗದ ಸುತ್ತಿದೆ. ಮಂಜು ಕರಗಿ ಬಿಸಿಲು ಬಂದ ಮೇಲೆ ಯಜಮಾನರೂ ನಾನೂ ಅರಮನೆ ಪರದೆ, ಕಾಡಿನ ಪರದೆ ಎರಡನ್ನೂ ತಾರಸಿಗೆ ಹೊತ್ತುಕೊಂಡು ಹೋಗಿ ಹರಡಿದೆವು. ಬೀದಿ ಪರದೆಯ ಮೂಲೆಯನ್ನು ಇಲಿ ಕಡಿದಿತ್ತು, ಅದಕ್ಕೆ ತೇಪೆ ಹಾಕಿದೆ. ಮಧ್ಯಾಹ್ನ ಒಂದು ಊರಿನವರು ಬಂದು ಸೀನರಿ ಬುಕ್ ಮಾಡಿಹೋದರು, ಅವರಿಗೆ ಕಾಫಿ ಮಾಡಿಕೊಟ್ಟೆ.

ಇಷ್ಟೆಲ್ಲ ಆದರೂ ಒಂದು ಕೆಲಸ ಹಾಗೇ ಉಳಿದಿದೆ. ನಮ್ಮ ವೆಬ್‌ಸೈಟಿನಲ್ಲಿ ಕೆಂಚಪ್ಪ ಮೇಷ್ಟ್ರ ಫೋಟೊವನ್ನು ‘ನಮ್ಮನ್ನು ಅಗಲಿದವರು’ ಅನ್ನುವ ತಲೆಬರಹದ ಕೆಳಗೆ ಸರಿಸಬೇಕು. ಮೇಷ್ಟ್ರು ತೀರಿಕೊಂಡು ತಿಥಿಯೂ ಆಯಿತು. ಒಂದು ಸಾಲನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವುದು, ಅಷ್ಟೆ. ಬೆಳಿಗ್ಗೆಯಿಂದ ಅದನ್ನು ಮುಂದಕ್ಕೆ ಹಾಕುತ್ತಲೇ ಇದ್ದೇನೆ. ಯಾಕೆಂದರೆ ಆ ಜಾಗದಲ್ಲಿ ಅವರನ್ನು ನಾನು ಈಗಾಗಲೇ ಒಂದು ಸಲ ಇಟ್ಟಿದ್ದೆ, ಅವರು ಬದುಕಿದ್ದಾಗ.

ಬಿಸಿಲಿಗೆ ಕಾದ ಪರದೆಯ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಹಳೆಯ ಬಣ್ಣ, ಬಟ್ಟೆಗೆ ಹಾಕಿದ ಗಂಜಿ, ನುಸಿಗುಳಿಗೆ, ಊರೂರ ಧೂಳು, ಎಲ್ಲ ಸೇರಿ ಒಂದು ಬೆಚ್ಚನೆಯ ಹಬೆ ಮೂಗಿಗೆ ಬರುತ್ತದೆ. ಅವರನ್ನು ಹಾಗೆ ಇಟ್ಟ ಆ ವರ್ಷ ಸುಗ್ಗಿಯ ಹೊತ್ತಿನಲ್ಲೂ ಇದೇ ವಾಸನೆ ಇತ್ತು.

ನಮ್ಮದು ಡ್ರಾಮಾ ಸೀನರಿ ಅಂಗಡಿ, ಹೊಳೆನರಸೀಪುರದಲ್ಲಿ. ಮನೆಯ ಮುಂದಿನ ಭಾಗವೇ ಅಂಗಡಿ. ಮಾವನವರ ಕಾಲದ್ದು. ಹಳ್ಳಿಯವರು ರಾಗಿ ಒಕ್ಕಣೆ ಮುಗಿಸಿ ಕೈ ಬಿಡುವಾದ ಮೇಲೆ ಪೌರಾಣಿಕ ನಾಟಕ ಆಡುತ್ತಾರಲ್ಲ, ಅದಕ್ಕೆ ಪರದೆ, ಕಿರೀಟ, ಉಡುಪು, ಲೈಟು ಎಲ್ಲ ನಮ್ಮಲ್ಲಿಂದ ಹೋಗುತ್ತವೆ. ಚನ್ನರಾಯಪಟ್ಟಣ, ಅರಕಲಗೂಡು, ಹಾಸನದ ಕಡೆಯವರೆಗೂ ನಮ್ಮ ಪರದೆ ಹೋಗಿ ನಿಂತಿದೆ. ನಾಟಕ ಕಲಿಸುವುದಕ್ಕೆ ಹಾರ್ಮೋನಿಯಂ ಮೇಷ್ಟ್ರು ಬೇರೆ ಇರುತ್ತಾರೆ. ಹಳ್ಳಿಯಲ್ಲೇ ಎರಡು ಮೂರು ತಿಂಗಳು ಸಂಜೆ ಸಂಜೆ ತಾಲೀಮು ಮಾಡಿಸಿ, ಕಡೆಗೆ ನಾಟಕದ ದಿನ ಪರದೆಯ ಪಕ್ಕದಲ್ಲಿ ಕೂತು ನುಡಿಸಿ, ಎಲ್ಲರನ್ನೂ ದಡ ಮುಟ್ಟಿಸುವವರು ಅವರೇ.

ಮೇಷ್ಟ್ರನ್ನು ಕರೆಯುವುದಕ್ಕೆ ಪದ್ಧತಿ ಇದೆ. ಊರಿನ ನಾಲ್ಕು ಜನ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಅವರ ಮನೆಗೇ ಹೋಗಿ ಕೊಡಬೇಕು. ವೀಳ್ಯ ಕೊಡುವುದು ಅನ್ನುತ್ತಾರೆ. ವೀಳ್ಯ ತೆಗೆದುಕೊಂಡ ಮೇಲೆ ಆ ಸೀಜನ್ನಿಗೆ ಆ ಊರಿಗೆ ಅವರೇ ಮೇಷ್ಟ್ರು. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ. ಹಾಗೆಯೇ ಮೇಷ್ಟ್ರಾದವರು ತಾವಾಗಿ ಯಾವ ಊರಿಗೂ ಹೋಗಿ ನನ್ನನ್ನು ಕರೆಯಿರಿ ಅನ್ನುವಂತೆಯೂ ಇಲ್ಲ. ಜಗಲಿಯ ಮೇಲೆ ಕೂತು ಕಾಯುವುದಷ್ಟೇ ಅವರ ಪಾಲಿಗೆ.

ಬಾಗೂರಿನ ಆಚೆಯ ಹಳ್ಳಿಯ ಕೆಂಚಪ್ಪ ಮೇಷ್ಟ್ರು ನಮ್ಮ ಮಾವನವರ ಕಾಲದಿಂದ ಮನೆಯವರಿದ್ದ ಹಾಗೆ. ಎಪ್ಪತ್ತು ದಾಟಿದ್ದರೂ ವರ್ಷಕ್ಕೆ ಮೂರು ನಾಲ್ಕು ಊರಿನ ವೀಳ್ಯ ತಪ್ಪುತ್ತಿರಲಿಲ್ಲ.

ವೆಬ್‌ಸೈಟಿನ ಯೋಚನೆ ಬಂದದ್ದು ಯಜಮಾನರಿಗೆ. ತುಮಕೂರಿನ ಕಡೆಯ ಯಾರೋ ಸೀನರಿಯವರದ್ದು ಫೋನಿನಲ್ಲಿ ನೋಡಿ ಬಂದಿದ್ದರು. "ನಮ್ದೂ ಒಂದಿದ್ರೆ ಪರದೆ ಎಂಗವೆ ಅಂತ ಜನ ಕೂತಲ್ಲೇ ನೋಡ್ತಾರೆ ಕಣೆ ರತ್ನ. ನೀನು ಓದಿದೋಳು, ನೀನೇ ಮಾಡು" ಅಂದರು. ನಾನು ಓದಿದ್ದು ಪಿಯುಸಿ. ಮದುವೆಯಾಗಿ ಹಾಸನಕ್ಕೆ ಹೋದ ಮಗಳ ಹಳೆಯ ಲ್ಯಾಪ್‌ಟಾಪು ಬೀರುವಿನಲ್ಲಿತ್ತು. ಅದನ್ನು ಒರೆಸಿಕೊಂಡು ಸವಿತಳ ಹತ್ತಿರ ಹೋದೆ.

ಸವಿತ ತಾಲ್ಲೂಕು ಆಫೀಸಿನ ರಸ್ತೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಾಳೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು. ಮದುವೆ ಪತ್ರಿಕೆಯಿಂದ ಹಿಡಿದು ಪಹಣಿ ಅರ್ಜಿಯವರೆಗೆ ಎಲ್ಲ ಅವಳ ಕೈಯಲ್ಲಿ ಆಗುತ್ತದೆ. "ಎರಡು ದಾರಿ ಇದೆ ಅಕ್ಕ. ಒಂದು ಕೈಯಲ್ಲೇ ಕೋಡ್ ಬರೆಯೋದು. ಇನ್ನೊಂದು, ರೆಡಿ ಇರ್ತದೆ, ಫೋಟೊ ಎಳೆದು ಎಲ್ಲಿ ಬೇಕೋ ಅಲ್ಲಿ ಬಿಡೋದು. ನಿಮಗೆ ಕಲಿಯೋ ಮನಸ್ಸಿದ್ರೆ ಕೈಯಲ್ಲೇ ಬರೀರಿ. ಯಾವುದರ ಕೆಳಗೆ ಯಾವುದು ಕೂತಿದೆ ಅಂತ ನಿಮಗೇ ಗೊತ್ತಿರ್ತದೆ" ಅಂದಳು.

ಕಲಿಯುವ ಮನಸ್ಸು ಇತ್ತು. ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತಿನಲ್ಲಿ ಅವಳ ಅಂಗಡಿಯ ಮೂಲೆಯಲ್ಲಿ ಕೂತೆ. ಒಂದು ಕೊಕ್ಕೆ ತೆರೆಯಬೇಕು, ಇಂಗ್ಲಿಷಿನ ಒಂದಕ್ಷರ ಬರೆಯಬೇಕು, ಕೊಕ್ಕೆ ಮುಚ್ಚಬೇಕು, ಹೇಳಬೇಕಾದದ್ದು ಹೇಳಿ ಮತ್ತೆ ಮುಗಿಯಿತು ಅಂತ ಇನ್ನೊಂದು ಕೊಕ್ಕೆ. ಒಂದನ್ನು ಮುಚ್ಚುವುದು ಮರೆತರೆ ಅಲ್ಲಿಂದ ಕೆಳಗಿನದೆಲ್ಲ ದಪ್ಪಕ್ಷರವಾಗುತ್ತಿತ್ತು. ಮೂರು ಮಧ್ಯಾಹ್ನ ಕೂತು ಮಾಡಿದ್ದೆಂದರೆ ಬಿಳಿ ಹಾಳೆಯ ಮೇಲೆ ನಮ್ಮ ಅಂಗಡಿಯ ಹೆಸರು, ಕೆಳಗೆ ಓರೆಯಾಗಿ ನಿಂತ ಒಂದು ಕಿರೀಟದ ಫೋಟೊ. ಅಷ್ಟರಲ್ಲಿ ಆಧಾರ್ ಜೆರಾಕ್ಸಿಗೆ ಬಂದಿದ್ದ ನಮ್ಮ ಬೀದಿಯ ಒಬ್ಬರು ಬಗ್ಗಿ ನೋಡಿ, "ಏನಕ್ಕ, ಮೊಮ್ಮಗ ಬರೋ ಹೊತ್ತಲ್ಲಿ ನೀವು ಸ್ಕೂಲಿಗೆ ಸೇರ್ಕಂಡ್ರಾ" ಅಂದರು. ಕಾಲೇಜು ಹುಡುಗಿಯರು ಇಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಾನೂ ನಕ್ಕೆ. ಮಾರನೆಯ ದಿನದಿಂದ ಹೋಗಲಿಲ್ಲ. ಸವಿತ ಫೋನು ಮಾಡಿದಾಗ ಮನೆಯಲ್ಲಿ ರಾಗಿ ಹಸನು ಮಾಡುವುದಿದೆ ಅಂದೆ.

ಮನೆಯಲ್ಲೇ ಕೂತು ಆ ಎಳೆದು ಬಿಡುವ ದಾರಿ ಹಿಡಿದೆ. ಅದರ ಸುಖವೇ ಬೇರೆ. ಬಣ್ಣ ಮುಟ್ಟಿದರೆ ಬಣ್ಣ ಬರುತ್ತದೆ. ಫೋಟೊ ಹಿಡಿದು ಎಳೆದರೆ ಬೆರಳ ಹಿಂದೆಯೇ ಬಂದು ಹೇಳಿದ ಕಡೆ ಕೂರುತ್ತದೆ. ಯಜಮಾನರು ಹಿಂದೆ ನಿಂತು, "ಪರದೆ ಕಟ್ಟಿದಂಗೇ ಆಯ್ತಲ್ಲ. ಒಸಿ ಎಡಕ್ಕೆ, ಇನ್ನೊಸಿ ಮ್ಯಾಲಕ್ಕೆ" ಅಂತ ಹೇಳಿಕೊಡುತ್ತಿದ್ದರು. ಎರಡೇ ದಿನಕ್ಕೆ ಅರಮನೆ, ಕಾಡು, ದರ್ಬಾರು ಎಲ್ಲ ಬಂದು ನಿಂತವು. ಸವಿತಳ ಮೂಲೆಯಲ್ಲಿ ಮೂರು ಮಧ್ಯಾಹ್ನ ಒದ್ದಾಡಿದ್ದು ನೆನೆದು, ಇದನ್ನು ಮೊದಲೇ ಮಾಡಬಹುದಿತ್ತಲ್ಲ ಅಂದುಕೊಂಡೆ.

ಪುಟದ ಕಡೆಯಲ್ಲಿ ಹಿರಿಯರ ಫೋಟೊ ಇರಲಿ ಅಂತ ಯಜಮಾನರು ಅಂದರು. ಎಡಗಡೆ ‘ನಮ್ಮನ್ನು ಅಗಲಿದವರು’ ಅಂತ ಬರೆದು ಕೆಳಗೆ ಮಾವನವರು, ಪರದೆ ಬರೆಯುತ್ತಿದ್ದ ಪೇಂಟರು, ಕೆಂಚಪ್ಪ ಮೇಷ್ಟ್ರ ಗುರುಗಳು, ಮೂವರನ್ನು ಇಟ್ಟೆ. ಬಲಗಡೆ ಕೆಂಚಪ್ಪ ಮೇಷ್ಟ್ರದು ಒಂದೇ, ಹಾರ್ಮೋನಿಯಂ ಮುಂದೆ ಕೂತಿರುವುದು. ಅದಕ್ಕೆ ತಲೆಬರಹ ಬೇಡ ಅನ್ನಿಸಿತು. ಬದುಕಿರುವವರನ್ನು ಬದುಕಿದ್ದಾರೆ ಅಂತ ಯಾರಾದರೂ ಬರೆಯುತ್ತಾರೆಯೇ? ಹೆಸರೊಂದೇ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಯಜಮಾನರು ಅದನ್ನು ಎಲ್ಲ ಊರಿನ ನಾಟಕದ ಗ್ರೂಪುಗಳಿಗೂ ಕಳಿಸಿದರು. ನಾನು ನನ್ನ ಫೋನಿನಲ್ಲಿ ತೆರೆದೆ. ಮೇಲೆ ಕಿರೀಟ ಹೊಳೆಯುತ್ತಿತ್ತು, ನಮ್ಮ ಅಂಗಡಿಯ ಹೆಸರು ದೊಡ್ಡದಾಗಿತ್ತು. ಅಷ್ಟು ನೋಡಿ ಹಿಗ್ಗಿ ಫೋನು ಕೆಳಗಿಟ್ಟು ಒಲೆಯ ಮುಂದೆ ಹೋದೆ. ಕೆಳತನಕ ಸರಿಸಿ ನೋಡಲಿಲ್ಲ.

ಆ ವರ್ಷ ಚಳಿ ಜಾಸ್ತಿ. ಹೇಮಾವತಿಯ ಮೇಲಿಂದ ಮಂಜು ಎದ್ದು ಬೀದಿಗೆಲ್ಲ ಬಂದು ಕೂರುತ್ತಿತ್ತು. ಊರೂರಿನವರು ಬಂದು ಸೀನರಿ ಬುಕ್ ಮಾಡಿ ಹೋಗುತ್ತಿದ್ದರು. ವೆಬ್‌ಸೈಟು ನೋಡಿದೆವು ಅನ್ನುತ್ತಿದ್ದರು. ಬಂದವರು ಯಜಮಾನರ ಜೊತೆ ಯಾಕೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ದೊಡ್ಡ ಅಂಗಡಿ ಆಯಿತು ಅಂತ ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡೆ ನಾನು.

ಸಂಕ್ರಾಂತಿ ಕಳೆದ ಮೇಲೆ ಅರಕಲಗೂಡು ಕಡೆಯ ಒಂದು ಊರಿನಿಂದ ದುರ್ಯೋಧನನ ಪಾರ್ಟು ಮಾಡುವ ಗೌಡರು ಬಂದರು. ಅವರ ಊರಿಗೆ ಕೆಂಚಪ್ಪ ಮೇಷ್ಟ್ರೇ ಕಾಯಂ. ಯಜಮಾನರು ಮಾತಿಗೆ, "ತಾಲೀಮು ಎಲ್ಲೀಗಂಟ ಬಂತು? ಮೇಷ್ಟ್ರು ಈ ಸಲಾನೂ ಬೈತಾವ್ರಾ ನಿನ್ನ?" ಅಂದರು.

ಗೌಡರು ಮುಖ ಸಣ್ಣದು ಮಾಡಿಕೊಂಡು, "ಬೈಯೋರು ಓಗ್ಬುಟ್ರಲ್ಲಣ್ಣ. ಈ ಸಲ ಬೇರೆ ಮೇಷ್ಟ್ರಿಗೆ ವೀಳ್ಯ ಕೊಟ್ಟೋ" ಅಂದರು.

"ಯಾರ್ ಓದ್ರು?"

"ಕೆಂಚಪ್ಪ ಮೇಷ್ಟ್ರು ಕಣಣ್ಣ."

"ಲೇ, ಬುಡ್ತು ಅನ್ನು. ಯಾವನ್ಲಾ ಯೋಳ್ದೋನು ನಿಂಗೆ?"

"ನೀವೇ ಆಕಿದ್ದೀರಲ್ಲಣ್ಣ" ಅಂತ ಗೌಡರು ಫೋನು ತೆಗೆದು, ಬೆರಳಲ್ಲಿ ಸರಿಸುತ್ತಾ ಸರಿಸುತ್ತಾ ಕೆಳಕ್ಕೆ ಹೋಗಿ ನಮ್ಮ ಮುಂದೆ ಹಿಡಿದರು. ‘ನಮ್ಮನ್ನು ಅಗಲಿದವರು.’ ಮಾವನವರು. ಅವರ ಕೆಳಗೆ ಪೇಂಟರು. ಅವರ ಕೆಳಗೆ ಗುರುಗಳು. ಅವರ ಕೆಳಗೆ, ಒಂದಿಷ್ಟೂ ಬಿಡುವಿಲ್ಲದೆ, ಹಾರ್ಮೋನಿಯಂ ಮುಂದೆ ಕೂತ ಕೆಂಚಪ್ಪ ಮೇಷ್ಟ್ರು. "ನಿಮ್ಗಿಂತ ಗೊತ್ತಿರೋರು ಯಾರವ್ರೆ ಅಂತ ನಾವು ನಂಬ್ಕಂಡೋ. ಮೂರೂರಿನೋರೂ ಅಂಗೇ ಮಾತಾಡ್ಕಂಡೋ. ಸಾವಿನ ಮನೆಗೆ ಫೋನ್ ಮಾಡಿ ದಿಟವಾ ಅಂತ ಯಾರ್ ಕೇಳ್ತಾರಣ್ಣ? ಮಣ್ಣಿಗೆ ಓಗಕ್ಕಾಗ್ನಿಲ್ವಲ್ಲ ಅಂತ ನಾಚ್ಕೇಲಿ ಸುಮ್ಕಿದ್ದೋ."

ನಾನು ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಯಜಮಾನರು ನನ್ನ ಕಡೆ ತಿರುಗಿ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸವಿತಳ ಅಂಗಡಿಗೆ ಓಡಿದೆ. ರಾಗಿ ಹಸನು ಮಾಡುವ ಸುಳ್ಳು ಹೇಳಿದ ಮೇಲೆ ಅವಳ ಮುಖ ನೋಡಿದ್ದು ಅದೇ ಮೊದಲು. ಅವಳು ಫೋನು ನೋಡಿ, ಲ್ಯಾಪ್‌ಟಾಪು ನೋಡಿ, ನಿಧಾನವಾಗಿ ಹೇಳಿದಳು. "ಕಂಪ್ಯೂಟರಲ್ಲಿ ಎರಡೂ ಪಕ್ಕಪಕ್ಕ ನಿಲ್ತವೆ ಅಕ್ಕ. ಫೋನಲ್ಲಿ ಅಷ್ಟು ಜಾಗ ಇಲ್ಲ. ಬಲಗಡೇದನ್ನ ಎತ್ತಿ ಎಡಗಡೇದರ ಕೆಳಗೆ ಇಡ್ತದೆ. ಮೇಲೆ ಸಣ್ಣ ಫೋನಿನ ಗುರುತಿದೆ ನೋಡಿ, ಅದನ್ನ ಒತ್ತಿದ್ರೆ ತೋರಿಸ್ತಿತ್ತು."

"ಕೈಯಲ್ಲೇ ಬರೆದಿದ್ರೆ?"

"ಬರೆದಿದ್ರೂ ನೋಡದೆ ಕಳಿಸಿದ್ರೆ ಹಿಂಗೇ ಆಗಬಹುದಿತ್ತು. ಮದುವೆ ಪತ್ರಿಕೆಗೆ ನಾನೂ ಎಳೆದು ಬಿಡೋದೇ. ತಪ್ಪನ್ನ ಟೂಲ್ ಮೇಲೆ ಹಾಕಬೇಡಿ ಅಕ್ಕ."

ಅವಳು ನನ್ನನ್ನು ಬೈಯಲಿಲ್ಲ. ಟೂಲಿನ ಮೇಲೂ ಹಾಕಲು ಬಿಡಲಿಲ್ಲ. ಆ ಫೋಟೊವನ್ನು ಅಲ್ಲೇ ತೆಗೆಸಿದೆ. ಅದರಿಂದೇನು, ವೀಳ್ಯ ಹೋಗಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆವು. ಅಲ್ಲಿಂದ ಬಾಗೂರಿನ ಬಸ್ಸು. ದಾರಿಯುದ್ದಕ್ಕೂ ತೆಂಗಿನ ತೋಟ, ಒಕ್ಕಣೆ ಮುಗಿದ ಕಣಗಳು. ಯಜಮಾನರು ಒಂದೇ ಒಂದು ಮಾತಾಡಿದರು: "ಅಲ್ಲೋದ್ಮೇಲೆ ನೀನೇ ಯೋಳು."

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಒಗೆದ ಪಂಚೆ, ಒಗೆದ ಜುಬ್ಬ. ವೀಳ್ಯದವರು ಬಂದರೆ ಅಂತ ದಿನಾ ಬೆಳಿಗ್ಗೆ ಹಾಗೇ ತಯಾರಾಗಿ ಕೂರುತ್ತಿದ್ದರಂತೆ. ಹಾರ್ಮೋನಿಯಂ ಒಳಗಿನ ಗೋಡೆಯ ಪಕ್ಕ ಇತ್ತು, ಮೇಲೆ ಹಳೆಯ ಸೀರೆ ಮುಚ್ಚಿ, ಸೀರೆಯ ಮೇಲೆ ರಾಗಿಯ ಮೊರ ಇಟ್ಟಿದ್ದರು.

"ಬಾವ್ವ ರತ್ನವ್ವ" ಅಂತ ಎದ್ದರು. "ಈ ಸಲ ಯಾರೂ ಬರ್ನಿಲ್ಲ ಕಣಪ್ಪ" ಅಂತ ಯಜಮಾನರಿಗೆ ಹೇಳಿದರು, ಮಳೆ ಬರಲಿಲ್ಲ ಅನ್ನುವ ಹಾಗೆ. "ಓದ್ ವರ್ಸ ಅರಕಲಗೂಡು ಕಡೆ ಒಂದು ಕಂದಪದ್ಯದಲ್ಲಿ ಬೆರಳು ನಡುಗ್ತು. ಯಾರೂ ನೋಡ್ನಿಲ್ಲ ಅಂದ್ಕಂಡಿದ್ದೆ. ನೋಡ್ಬುಟ್ಟವ್ರೆ. ಸರಿ, ಎಷ್ಟ್ ದಿನ ಅಂತ. ಸಾಕು ಅನ್ಸಿ ಪೆಟ್ಟಿಗೇನೂ ಮುಚ್ಬುಟ್ಟೆ."

ಆ ಬೆರಳ ಮಾತು ಕೇಳಿದ ಮೇಲೆ ತಡೆಯಲಾಗಲಿಲ್ಲ. ಹೇಳಿದೆ. ಎಳೆದು ಬಿಟ್ಟದ್ದು, ಬಲಗಡೆಯದು ಎಡಗಡೆಯದರ ಕೆಳಗೆ ಜಾರಿದ್ದು, ನಾನು ಕೆಳತನಕ ನೋಡದೇ ಇದ್ದದ್ದು, ಎಲ್ಲ. ಅವರಿಗೆ ಅರ್ಥವಾಗಲಿಲ್ಲ. ಗೌಡರು ಕಳಿಸಿದ್ದ ಆ ಪುಟದ ಚಿತ್ರ ಯಜಮಾನರ ಫೋನಿನಲ್ಲಿತ್ತು. ಅದನ್ನೇ ತೋರಿಸಬೇಕಾಯಿತು.

ಅವರ ಹೆಂಡತಿ ಕೆಂಪಮ್ಮ ಒಳಗಿಂದ ಬಂದು ಅವರ ಭುಜದ ಮೇಲಿಂದ ನೋಡಿದರು. ಅವರಿಗೆ ಓದು ಬರುವುದಿಲ್ಲ, ಆದರೆ ಮೇಲಿನ ಮೂವರನ್ನೂ ಬಲ್ಲರು. ಮೂವರ ಕೆಳಗೆ ತಮ್ಮ ಗಂಡ. ಅವರು ನನ್ನ ಹತ್ತಿರ ಬಂದು ನಿಂತು, "ಈ ಹಣೆ ನೋಡವ್ವ. ಕುಂಕುಮ ಇಟ್ಕಂಡಿವ್ನಿ, ಕಾಣ್ತದಾ? ಮೂರೂರಿನೋರು ಇದನ್ನ ಅಳಿಸ್ಬುಟ್ಟು ಕೂತವ್ರೆ. ನಿನ್ ಹಣೆ ಮುಟ್ಕಂಡು ಒಂದ್ಸಲ ನೋಡ್ಕಬಾರ್ದಾಗಿತ್ತಾ?" ಅಂದರು. ದನಿ ಏರಿಸಲಿಲ್ಲ. ಒಳಗೆ ಹೋಗಿ ಮಜ್ಜಿಗೆ ತಂದು ನನ್ನ ಪಕ್ಕದಲ್ಲಿ ಇಟ್ಟರು, ಕೈಗೆ ಕೊಡಲಿಲ್ಲ. ಆ ಲೋಟ ಎತ್ತಿ ಕುಡಿಯುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಮೇಷ್ಟ್ರು ಇನ್ನೂ ಫೋನು ನೋಡುತ್ತಿದ್ದರು. ಕಡೆಗೆ, "ಅಂಗಾರೆ ಬೆರಳು ಯಾರೂ ನೋಡ್ನಿಲ್ವಾ?" ಅಂದರು.

"ಇಲ್ಲ ಮೇಷ್ಟ್ರೇ. ಬೆರಳಲ್ಲ, ನಾನು."

ಅವರ ಮುಖ ಸಡಿಲವಾಯಿತು. ಅದನ್ನು ನೋಡುವುದು ಕೆಂಪಮ್ಮನ ಮಾತಿಗಿಂತ ಕಷ್ಟವಾಯಿತು ನನಗೆ. ಸತ್ತವರ ಲೆಕ್ಕಕ್ಕೆ ಸೇರಿಸಿದ್ದು ಅವರಿಗೆ ಅಷ್ಟು ದೊಡ್ಡದಾಗಿರಲಿಲ್ಲ. "ಒಂದ್ ತಪ್ಪು ಮಾಡಿದ್ದೀಯ ನೋಡು" ಅಂದರು. "ಗುರುಗಳಿಗೆ ಅಂಟ್ಕಂಡಂಗೆ ಕೂರ್ಸಿದ್ದೀಯ. ಅವ್ರು ಇದ್ದಾಗ ನಾನು ಅವ್ರ ಸಮಕ್ಕೆ ಚಾಪೆ ಮೇಲೂ ಕೂತೋನಲ್ಲ. ಒಂದ್ ಮೆಟ್ಲು ಕೆಳಗೆ ಕೂತ್ಕತಿದ್ದೆ. ಮುಂದಕ್ಕೆ ದಿಟವಾಗ್ಲೂ ಇಡೋ ಕಾಲ ಬಂದಾಗ ಜ್ಞಾಪಕ ಮಡಿಕ್ಕೊ. ನೀನೇ ಇಡ್ಬೇಕು, ಬೇರೆಯೋರ ಕೈಲಿ ಬ್ಯಾಡ."

ಆ ಸೀಜನ್ನಿನಲ್ಲಿ ಅವರಿಗೆ ಒಂದು ಊರೂ ಸಿಗಲಿಲ್ಲ. ವಿಷಯ ತಿಳಿದ ಮೇಲೆ ಮೂರೂರಿನವರೂ ಹೋಗಿ ಕೈಮುಗಿದು ಬಂದರು, ಅಷ್ಟೆ. ಕೊಟ್ಟ ವೀಳ್ಯ ಕೊಟ್ಟದ್ದೇ. ಅದನ್ನು ವಾಪಸು ಕೇಳಿ ಅಂತ ಮೇಷ್ಟ್ರೂ ಹೇಳುವವರಲ್ಲ. ಬದಲಿಗೆ ವಾರಕ್ಕೊಂದು ಸಲ ಬಸ್ಸು ಹತ್ತಿ ನಮ್ಮ ಅಂಗಡಿಗೆ ಬಂದು, ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದರು. "ಬಂದೋರ ಕಣ್ಗೆ ಬೀಳ್ಲಿ. ಬರೆದದ್ದಕ್ಕಿಂತ ನೋಡಿದ್ದು ಮೇಲಲ್ವಾ" ಅನ್ನುತ್ತಿದ್ದರು. ಬಂದವರು ಬೆಚ್ಚಿ ನೋಡಿ ಆಮೇಲೆ ಕಾಲಿಗೆ ಬೀಳುತ್ತಿದ್ದರು. ಅವರು ಯಾಕೆ ಅಲ್ಲಿ ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಕಾಫಿ ತಂದುಕೊಟ್ಟು, ತಲೆ ಎತ್ತದೆ ಒಳಕ್ಕೆ ಹೋಗುತ್ತಿದ್ದೆ.

ಮತ್ತೆ ಸವಿತಳ ಮೂಲೆಗೆ ಹೋಗಿ ಕೂತೆ. ಈ ಸಲ ಯಾರು ಬಗ್ಗಿ ನೋಡಿದರೂ ಏಳಲಿಲ್ಲ. ಅಷ್ಟು ದೊಡ್ಡ ನಾಚಿಕೆ ಆದ ಮೇಲೆ ಈ ಸಣ್ಣದು ಯಾವ ಲೆಕ್ಕ. ಒಂದೊಂದೇ ಕೊಕ್ಕೆ ತೆರೆದು ಮುಚ್ಚಿ, ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಪುಟ ಬರೆದೆ. ಬಣ್ಣ ಇಲ್ಲ, ಹೊಳಪು ಇಲ್ಲ. ಪರದೆಗಳ ಫೋಟೊ ಒಂದರ ಕೆಳಗೊಂದು. ಮೇಷ್ಟ್ರದು ಮೇಲೆ, ‘ನಮ್ಮ ಜೊತೆಗಿರುವ ಹಿರಿಯರು’ ಅಂತ ದಪ್ಪಕ್ಷರದ ಕೆಳಗೆ. ಅಗಲಿದ ಮೂವರದು ಪುಟದ ಕೊನೆಗೆ. ಒಂದು ದಿನ ಮೇಷ್ಟ್ರು ಪಕ್ಕದಲ್ಲಿ ಕೂತು ನಾನು ಬರೆಯುವುದನ್ನು ನೋಡಿ, "ಷಡ್ಜದಿಂದ ಎದ್ದು ಷಡ್ಜಕ್ಕೇ ಬಂದು ಕೂತ್ಕಬೇಕು, ಅಲ್ವಾ ಇದೂವೆ?" ಅಂತ ಕೇಳಿದ್ದರು. ಹೌದು ಅಂದೆ.

ಮಾರನೆಯ ವರ್ಷ ಎರಡು ಊರಿನವರು ವೀಳ್ಯ ತಂದರು. ಆಮೇಲಿನ ವರ್ಷ ಒಂದು. ನಮ್ಮ ಮನೆಗೆ ಬಂದಾಗಲೆಲ್ಲ ಮೇಷ್ಟ್ರು, "ಇವತ್ತು ಎಲ್ಲಿ ಮಡಗಿದ್ದೀಯವ್ವ ನನ್ನ, ಮ್ಯಾಲಾ, ಕೆಳಗಾ?" ಅಂತ ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕೆಂಪಮ್ಮ ಮಾತ್ರ ಯಾವತ್ತೂ ನಗಲಿಲ್ಲ.

ಅವರು ತೀರಿಕೊಂಡ ದಿನ ಯಜಮಾನರೇ ಎಲ್ಲ ಊರಿಗೂ ಫೋನು ಮಾಡಿದರು. "ಈ ಸಲ ದಿಟವಾ ಅಣ್ಣ?" ಅಂತ ಕೇಳಿದವರು ಎಷ್ಟೋ ಜನ. ಅರಕಲಗೂಡು ಕಡೆಯ ಗೌಡರು ಫೋನಿಗೆ ನನ್ನನ್ನೇ ಕರೆಸಿ ಕೇಳಿದರು, "ಅಕ್ಕ, ನೀವು ಕಣ್ಣಾರೆ ನೋಡಿದ್ರಾ?" ನೋಡಿದೆ ಅಂದೆ. ಇನ್ನೊಂದು ಊರಿನವರು ನಂಬದೆ ನಿಧಾನ ಮಾಡಿ, ಮಣ್ಣು ಮುಗಿದ ಮೇಲೆ ಬಂದು ಸ್ಮಶಾನದ ದಾರಿಯಲ್ಲಿ ನಿಂತಿದ್ದರು. ಹಾರ ಕೈಯಲ್ಲೇ ಇತ್ತು. ಕೆಂಪಮ್ಮ ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಹಣೆ ಆಗ ಬರಿದಾಗಿತ್ತು.

ಇವತ್ತು ಬಿಸಿಲು ಇಳಿದ ಮೇಲೆ ಪರದೆ ಸುತ್ತಿ ಒಳಗಿಟ್ಟು, ಕೈಕಾಲು ತೊಳೆದು, ದೀಪ ಹಚ್ಚಿ, ಲ್ಯಾಪ್‌ಟಾಪು ತೆಗೆದೆ. ಮೇಷ್ಟ್ರ ಸಾಲನ್ನು ಮೇಲಿನಿಂದ ತೆಗೆದೆ. ಕೆಳಗೆ ಗುರುಗಳ ಸಾಲು ಮುಗಿದ ಮೇಲೆ ಸ್ವಲ್ಪ ಜಾಗ ಬಿಡುವಂತೆ ಬರೆದು, ಅದರ ಕೆಳಗೆ ಇಟ್ಟೆ, ಒಂದು ಮೆಟ್ಟಿಲು ಕೆಳಗೆ. ಹೆಸರಿಗೆ ಮೊದಲು ‘ದಿ.’ ಅಂತ ಸೇರಿಸಿದೆ. ಆಮೇಲೆ ನನ್ನ ಫೋನಿನಲ್ಲಿ ಕೆಳತನಕ ಸರಿಸಿ ನೋಡಿದೆ. ಯಜಮಾನರ ಫೋನಿನಲ್ಲಿ ನೋಡಿದೆ. ಸವಿತಳಿಗೆ ಕಳಿಸಿ ಅವಳ ಫೋನಿನಲ್ಲೂ ನೋಡು ಅಂದೆ. "ಸರಿಯಾಗಿದೆ ಅಕ್ಕ, ಎಲ್ಲ ಅವರವರ ಜಾಗದಲ್ಲಿದ್ದಾರೆ" ಅಂತ ಉತ್ತರ ಬಂತು. ಮೇಲೆ, ‘ನಮ್ಮ ಜೊತೆಗಿರುವ ಹಿರಿಯರು’ ಅನ್ನುವ ತಲೆಬರಹದ ಕೆಳಗೆ ಈಗ ಯಾರೂ ಇಲ್ಲ. ಅದನ್ನು ಅಳಿಸಬೇಕಾಗಿತ್ತು. ಇವತ್ತಿಗೆ ಹಾಗೇ ಬಿಟ್ಟೆ.

ರಾತ್ರಿ ಹಿತುಕಿದ ಬೇಳೆ ಸಾರು, ರಾಗಿಮುದ್ದೆ, ಕಡೆಗೆ ಅನ್ನ ಮಜ್ಜಿಗೆ. ಯಜಮಾನರು ಎರಡನೇ ಮುದ್ದೆ ಬೇಡ ಅಂದರು. ಮಜ್ಜಿಗೆಯನ್ನು ಅವರ ಕೈಗೇ ಕೊಟ್ಟೆ. ಅವರು ಮೊದಲು ಮಲಗಿದರು.